ಚೌಕ ಮೂತಿಯ ಆ ದೋಣಿ ಯುದ್ಧಕಾಲದ್ದಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಾಸ್ಟನ್ ನಗರದ ದಕ್ಷಿಣಕ್ಕಿರುವ ಕರಾವಳಿಯ ಬಗ್ಗೆ ಬಂದ ಪ್ರವಾಸ ಲೇಖನ ಓದಿ ಖುಷಿಯಾಯಿತು. ಸಿಚುಯೇಟ್ ಬಂದರಿನ ದೀಪಸ್ತಂಭ, ದಕ್ಕೆಯ ಮೇಲೆ ಪೇರಿಸಿಟ್ಟ ಲಾಬ್‌ಸ್ಟರ್ ಬೋನುಗಳು, ಬಿಸಿಲಿದ್ದರೂ ಕಿವಿ ಕೊರೆಯುವ ಗಾಳಿ, ಎಲ್ಲವನ್ನೂ ಲೇಖಕರು ಇದ್ದದ್ದು ಇದ್ದ ಹಾಗೇ ಬರೆದಿದ್ದಾರೆ. ನನ್ನ ತಕರಾರು ಒಂದು ಚಿತ್ರದ ಅಡಿಬರಹದ ಮೇಲೆ ಮಾತ್ರ. ಮನೆಯಂಗಳದ ಹುಲ್ಲಿನಲ್ಲಿ ಎರಡು ಮರದ ತುಂಡುಗಳ ಮೇಲೆ ಏರಿಸಿಟ್ಟ, ಮೂತಿ ಚೌಕವಾಗಿರುವ ಸಣ್ಣ ದೋಣಿಯ ಚಿತ್ರ ಅದು. ಕೆಳಗೆ ‘ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸಲು ಬಳಸುತ್ತಿದ್ದ ಮರದ ದೋಣಿ’ ಎಂದು ಹಾಕಿದ್ದೀರಿ. ಅದು ಮರದ್ದಲ್ಲ. ಯುದ್ಧದ್ದೂ ಅಲ್ಲ. ಬಾಸ್ಟನ್ ವೇಲರ್ ಎಂಬ ಹೆಸರಿನ ಫೈಬರ್ ದೋಣಿ.

ಹೀಗೆ ಖಚಿತವಾಗಿ ಹೇಳಲು ಇವನ್ಯಾರು ಎಂದು ನೀವು ಕೇಳಬಹುದು. ನಾನು ಗಂಗೊಳ್ಳಿಯವನು. ಫೈಬರ್ ದೋಣಿಯ ಕೆಲಸ ನನ್ನ ಕಸುಬು. ಮೊದಲು ಊರ ಬದಿಯಲ್ಲಿ, ಆಮೇಲೆ ಬಹುಕಾಲ ಕೊಲ್ಲಿ ದೇಶದ ಒಂದು ಬೋಟ್ ಯಾರ್ಡಿನಲ್ಲಿ ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಎಂಬ ಅಂಟು ದ್ರವ ಹಚ್ಚಿ ರೋಲರ್ ಎಳೆದವನು. ಈಗ ಮಗಳ ಸಂಸಾರದ ಜೊತೆ ಮ್ಯಾಸಚೂಸೆಟ್ಸ್‌ನ ವೇಮೌತ್‌ನಲ್ಲಿದ್ದೇನೆ. ಸಿಚುಯೇಟ್ ಇಲ್ಲಿಂದ ದೂರವೇನಿಲ್ಲ. ಚಿತ್ರ ನೋಡಿದ ಮೇಲೆ ಸುಮ್ಮನಿರಲಾಗದೆ ಅಳಿಯನನ್ನು ಹೊರಡಿಸಿಕೊಂಡು ಹೋಗಿ ದೋಣಿ ನೋಡಿಯೇ ಬಂದೆ. ಮನೆಯ ಒಡತಿ ವಯಸ್ಸಾದ ಹೆಂಗಸು. ಗಂಡ ಮೀನು ಹಿಡಿಯಲು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದಂತೆ, ಅದಕ್ಕಿಂತ ಹೆಚ್ಚಿನದು ಆಕೆಗೆ ಗೊತ್ತಿಲ್ಲ. “ಎಷ್ಟು ಹೊತ್ತು ಬೇಕಾದರೂ ನೋಡಿ, ಬೇಕಿದ್ದರೆ ತಗೊಂಡೇ ಹೋಗಿ” ಎಂದರು. ಅಳಿಯನ ಮುಖ ಆಗ ನೋಡಬೇಕಿತ್ತು.

ಮೊದಲು ಯುದ್ಧದ ಮಾತು ಮುಗಿಸೋಣ. ಅಮೆರಿಕದ ಸೈನ್ಯ ದಡಕ್ಕಿಳಿಯಲು ಬಳಸಿದ ಹೆಸರುವಾಸಿ ದೋಣಿ ನ್ಯೂ ಆರ್ಲಿಯನ್ಸ್‌ನ ಆಂಡ್ರ್ಯೂ ಹಿಗಿನ್ಸ್ ಕಟ್ಟಿಸಿದ್ದು. ಅದರ ಉದ್ದ 36 ಅಡಿ, ಮೈಯೆಲ್ಲ ಹೆಚ್ಚಾಗಿ ಪ್ಲೈವುಡ್ಡು, ಮೂತಿಯಲ್ಲಿ ಕೆಳಗೆ ಬೀಳಿಸುವ ಕಬ್ಬಿಣದ ಬಾಗಿಲು. 36 ಮಂದಿ ಸೈನಿಕರು ಹತ್ತುತ್ತಿದ್ದರು. ಚಿತ್ರದಲ್ಲಿರುವ ದೋಣಿ 13 ಅಡಿಯದು. ನಾಲ್ಕು ಜನ ಹತ್ತಿ ಬಲೆ, ಗಾಳ ಇಟ್ಟುಕೊಂಡರೆ ಕಾಲು ಚಾಚಲು ಜಾಗವಿಲ್ಲ. ಮೂತಿ ಚೌಕ ಎಂಬುದನ್ನು ಬಿಟ್ಟರೆ ಎರಡಕ್ಕೂ ಸಂಬಂಧವೇ ಇಲ್ಲ. ಇನ್ನು ಫೈಬರ್ ಎಂಬ ವಸ್ತುವೇ ಯುದ್ಧದ ಹೊತ್ತಿಗೆ ಎಳೆಗೂಸು. ಗಾಜನ್ನು ಕರಗಿಸಿ ನೂಲಿನ ಹಾಗೆ ಎಳೆಯುವ ವಿದ್ಯೆ ಅಮೆರಿಕದಲ್ಲಿ ಕಾರ್ಖಾನೆಯ ಮಟ್ಟಕ್ಕೆ ಬಂದದ್ದು 1930ರ ದಶಕದಲ್ಲಿ. ಓಹಿಯೋ ರಾಜ್ಯದ ಟೊಲೀಡೊದಲ್ಲಿ ರೇ ಗ್ರೀನ್ ಎಂಬವರು ಪಾಲಿಯೆಸ್ಟರ್ ರೆಸಿನ್ ಸೇರಿಸಿ ಸಣ್ಣದೊಂದು ದೋಣಿ ಮಾಡಿದ್ದು 1942ರಲ್ಲಿ. ಫೈಬರ್ ದೋಣಿ ಅಂಗಡಿಯಲ್ಲಿ ನಿಂತು ಜನ ಕೊಳ್ಳುವಂತಾದದ್ದು ಯುದ್ಧ ಮುಗಿದ ಮೇಲೆ.

ಮರದ್ದು ಎಂದು ಯಾಕೆ ಅನ್ನಿಸಿತು ಎಂಬುದು ಹತ್ತಿರ ಹೋದ ಮೇಲೆ ಗೊತ್ತಾಯಿತು. ಒಳಗಿನ ಅಡ್ಡಹಲಗೆಗಳೂ ಸ್ಟಿಯರಿಂಗ್ ಕೂರಿಸಿದ ಸಣ್ಣ ಮೇಜೂ ಮಹಾಗನಿ. ವಾರ್ನಿಶ್ ಸುಲಿದು ಹಲಗೆ ಬೂದು ಬಣ್ಣಕ್ಕೆ ತಿರುಗಿದೆ. ಹೊರಮೈಗೆ ಯಾರೋ ಕೈಯಿಂದ ಬ್ರಶ್ ಹಾಕಿ ಮನೆಗೆ ಹೊಡೆಯುವಂಥ ಹಸಿರು ಬಣ್ಣ ಬಳಿದಿದ್ದಾರೆ, ಅದರ ಗೆರೆಗಳು ಚಿತ್ರದಲ್ಲಿ ಮರದ ನಾರಿನಂತೆ ಕಂಡಿರಬೇಕು. ಅಂಚಿನಲ್ಲಿ ಬಣ್ಣ ಹಪ್ಪಳೆ ಎದ್ದ ಕಡೆ ಉಗುರಿನಿಂದ ಕೆರೆದೆ. ಕೆಳಗೆ ಬಿಳಿ ಜೆಲ್‌ಕೋಟ್, ಎಂದರೆ ಫೈಬರಿನ ಮೇಲ್ಮೈಯ ಬಣ್ಣದ ರೆಸಿನ್ ಪದರ. ಬೆರಳಿನಿಂದ ಉಜ್ಜಿದರೆ ಸೀಮೆಸುಣ್ಣದಂಥ ಪುಡಿ ಹತ್ತಿತು. ಬಿಸಿಲಿಗೆ ಬಿದ್ದ ಹಳೆ ಜೆಲ್‌ಕೋಟಿನ ಗುಣವೇ ಅದು. ಒಳಗಡೆ, ಮೇಜಿನ ಕಾಲಿನ ಸಂದಿಯಲ್ಲಿ, ಬಣ್ಣದ ಬ್ರಶ್ ತಲುಪದ ಜಾಗದಲ್ಲಿ ಮೂಲ ಬಣ್ಣ ಉಳಿದಿತ್ತು: ತಿಳಿನೀಲಿ.

ಹಳೆಯ ವೇಲರ್ ದೋಣಿಗಳ ಒಳಮೈ ಬಣ್ಣ ಅದೇ ಆದ್ದರಿಂದ, ಆ ತಿಳಿನೀಲಿ ಕಂಡಾಗಲೇ ನನ್ನ ಅನುಮಾನ ಅರ್ಧ ಬಗೆಹರಿಯಿತು. ಆದರೆ ಬಣ್ಣ ನೋಡಿ ದೋಣಿಯ ಕುಲಗೋತ್ರ ಹೇಳಬಾರದು. ತಳ ನೋಡಬೇಕು. ಹುಲ್ಲಿನ ಮೇಲೆ ಮಲಗಿ ಹಿಂಭಾಗದಿಂದ, ಎಂದರೆ ಇಂಜಿನ್ ಕೂರಿಸುವ ಟ್ರಾನ್ಸಮ್ ಹಲಗೆಯ ಕಡೆಯಿಂದ, ಮುಂದಕ್ಕೆ ದೃಷ್ಟಿ ಹಾಯಿಸಿದೆ. ಸಾಮಾನ್ಯ ದೋಣಿಯ ತಳದ ನಡುವೆ ಒಂದೇ ಒಂದು ಏಣು ಇರುತ್ತದೆ, ಅಲ್ಲಿಂದ ಎರಡೂ ಬದಿಗೆ ಮೈ ಮೇಲೇರುತ್ತದೆ. ಇದರ ನಡುವೆ ಅಗಲವಾದ, ಆಳ ಕಡಿಮೆಯ ಒಂದು ಏಣು. ಅದರ ಎರಡೂ ಪಕ್ಕ, ದೋಣಿಯ ಅಂಚಿಗೆ ಹತ್ತಿರ, ಇನ್ನೆರಡು ಸಣ್ಣ ಏಣುಗಳು. ಏಣು ಏಣಿನ ನಡುವೆ ಮೂತಿಯಿಂದಲೇ ಶುರುವಾಗುವ ಎರಡು ಕಾಲುವೆ, ಹಿಂದಕ್ಕೆ ಬಂದಂತೆ ಅವು ಆಳ ಕಳೆದುಕೊಂಡು ಮಾಯವಾಗುತ್ತವೆ. ಮೂರು ಏಣೂ ಮುಂದಕ್ಕೆ ಸಾಗಿ ಸಾಲಾಗಿ ತಲೆಯೆತ್ತುವುದರಿಂದಲೇ ಮೂತಿ ಚೌಕವಾಗಿದೆ. ಬಾಗಿಲು ಬೀಳಿಸಲು ಮಾಡಿದ ಚೌಕ ಅದಲ್ಲ. ಇಂಥ ತಳಕ್ಕೆ ಇಲ್ಲಿಯವರು ಕ್ಯಾಥೆಡ್ರಲ್ ಹಲ್ ಎನ್ನುತ್ತಾರೆ, ಟ್ರೈಹಲ್ ಎಂದೂ ಹೇಳುವುದುಂಟು.

ಈ ತಳದ ಹಿಂದೆ ಒಂದು ಕತೆಯಿದೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಆಲ್ಬರ್ಟ್ ಹಿಕ್‌ಮನ್ ಎಂಬ ಕೆನಡಾದ ಮನುಷ್ಯ ದೋಣಿಯ ತಳವನ್ನೇ ತಲೆಕೆಳಗು ಮಾಡಿ ನೋಡಿದ. ಎಲ್ಲರೂ ನಡುವೆ ಏಣು ಇಟ್ಟರೆ ಆತ ನಡುವೆ ಗುಳಿ ಇಟ್ಟ, ಏಣುಗಳನ್ನು ಎರಡು ಅಂಚಿಗೆ ತಳ್ಳಿದ. ಅದಕ್ಕೆ ಸೀ ಸ್ಲೆಡ್ ಎಂದು ಹೆಸರು. ವೇಗವಾಗಿ ಓಡುವಾಗ ಗುಳಿಯೊಳಗೆ ಗಾಳಿಯೂ ನೊರೆಯೂ ಸಿಕ್ಕಿಕೊಂಡು ದೋಣಿಯನ್ನು ಎತ್ತಿಹಿಡಿಯುತ್ತಿದ್ದವು. ಬದಿಗೆ ಚಿಮ್ಮಬೇಕಾದ ನೀರು ಒಳಗೇ ಉಳಿಯುತ್ತಿತ್ತು. ಆದರೆ ಆ ನೊರೆ ನೀರೆಲ್ಲ ಹೋಗುವುದು ಎಲ್ಲಿಗೆ? ನೇರವಾಗಿ ಹಿಂದಿರುವ ಫ್ಯಾನಿಗೆ, ಎಂದರೆ ದೋಣಿಯನ್ನು ಮುಂದೆ ತಳ್ಳುವ ಪ್ರೊಪೆಲ್ಲರಿಗೆ. ಗಾಳಿ ಬೆರೆತ ನೀರಿನಲ್ಲಿ ಫ್ಯಾನಿಗೆ ಹಿಡಿತ ಸಿಗುವುದಿಲ್ಲ. ಇಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಹಿಕ್‌ಮನ್ ಇದಕ್ಕೆ ಅರ್ಧ ನೀರಿನೊಳಗೆ, ಅರ್ಧ ಮೇಲೆ ತಿರುಗುವ ಫ್ಯಾನನ್ನೇ ಬಳಸಿದ. ಅವನ ಮಟ್ಟಿಗೆ ಅದು ಸರಿಹೋಯಿತು. ಸಾಮಾನ್ಯ ಜನ ಹಿಂದೆ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನ್ನಿಗೆ ಆ ಉಪಾಯ ನಡೆಯುವುದಿಲ್ಲ.

1950ರ ದಶಕದ ನಡುವಿನಲ್ಲಿ ಇದೇ ಮ್ಯಾಸಚೂಸೆಟ್ಸ್‌ನ ಡಿಕ್ ಫಿಶರ್ ಎಂಬ ಉದ್ಯಮಿಗೆ ಬೇರೊಂದು ಹುಚ್ಚು ಹತ್ತಿತು. ಹಾರ್ವರ್ಡ್‌ನಲ್ಲಿ ತತ್ತ್ವಶಾಸ್ತ್ರ ಓದಿದ್ದವರು. ಬೆಂಡಿನಷ್ಟು ಹಗುರವಾದ ಬಾಲ್ಸಾ ಮರದಿಂದ ಹಿಂದೊಮ್ಮೆ ದೋಣಿ ಮಾಡಹೊರಟಿದ್ದರು. ಆಗ ಹೊಸದಾಗಿ ಬಂದಿದ್ದ ಪಾಲಿಯುರಿಥೇನ್ ನೊರೆ ಕಂಡಾಗ, ಹೊರಗೊಂದು ಫೈಬರ್ ಚರ್ಮ, ಒಳಗೊಂದು ಫೈಬರ್ ಚರ್ಮ, ನಡುವೆ ಈ ನೊರೆ ತುಂಬಿ ಗಟ್ಟಿಯಾಗಲು ಬಿಟ್ಟರೆ ದೋಣಿ ಮುಳುಗುವ ಪ್ರಶ್ನೆಯೇ ಇಲ್ಲವಲ್ಲ ಎಂದು ಹೊಳೆಯಿತು. ತಳದ ಆಕಾರಕ್ಕೆ ಗೆಳೆಯ, ದೋಣಿ ವಿನ್ಯಾಸಕ ರೇ ಹಂಟ್ ಅವರನ್ನು ಹಿಡಿದರು. ಹಂಟ್ ಆರಿಸಿದ್ದು ಹಿಕ್‌ಮನ್ನನ ಆ ತಲೆಕೆಳಗು ತಳವನ್ನೇ. ನೀರಿಗಿಳಿಸಿ ನೋಡಿದರೆ ಹಳೆಯ ಕಾಯಿಲೆ ಮತ್ತೆ ಕಾಣಿಸಿತು: ಗಾಳಿ ಫ್ಯಾನಿಗೆ ನುಗ್ಗುತ್ತಿತ್ತು. ಫಿಶರ್ ಓಡಿಸಿ ನೋಡುವುದು, ತಳಕ್ಕೆ ಫೈಬರ್ ತೇಪೆ ಹಾಕುವುದು, ಮತ್ತೆ ಓಡಿಸುವುದು, ಹೀಗೇ ಮಾಡುತ್ತ ಹೋದರು. ಕೊನೆಗೆ ಗುಳಿಯ ನಟ್ಟನಡುವೆ ಮೂರನೆಯ ಏಣು ಬಂದು ಕೂತಿತು. ಅದು ನೊರೆಯನ್ನು ಎರಡು ಬದಿಗೆ ಸೀಳಿ ಫ್ಯಾನಿಗೆ ಗಟ್ಟಿ ನೀರು ಸಿಗುವಂತೆ ಮಾಡಿತು. 1958ರಲ್ಲಿ ಬಾಸ್ಟನ್ ವೇಲರ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದದ್ದು ಈ 13 ಅಡಿಯ ದೋಣಿ. ಕಾರ್ಖಾನೆ ಇದ್ದದ್ದು ಸಿಚುಯೇಟ್‌ನಿಂದ ಕೂಗಳತೆಯಲ್ಲಿರುವ ರಾಕ್‌ಲ್ಯಾಂಡ್‌ನಲ್ಲಿ. ಈಗ ಅದು ಇಲ್ಲಿಲ್ಲ, ಫ್ಲಾರಿಡಾದ ಎಡ್ಜ್‌ವಾಟರ್‌ಗೆ ಹೋಗಿದೆ.

ತೇಪೆ ಹಾಕುತ್ತ ಹಾಕುತ್ತ ಆಕಾರ ಕಂಡುಕೊಂಡರು ಎನ್ನುವ ಭಾಗ ನನಗೆ ಬಹಳ ಇಷ್ಟ. ಕಾಗದದ ಮೇಲೆ ಗೆರೆ ಎಳೆದವರಷ್ಟೇ ಸ್ಯಾಂಡ್‌ಪೇಪರ್ ಹಿಡಿದವರೂ ದೋಣಿ ಮಾಡುತ್ತಾರೆ. ನಮ್ಮ ಕಡೆ ಆಚಾರಿಗಳು ಕಾಗದವನ್ನೇ ಮುಟ್ಟದೆ ಕಣ್ಣಳತೆಯಲ್ಲಿ ದೋಣಿ ಕಟ್ಟಿದವರು.

1961ರಲ್ಲಿ ಲೈಫ್ ಪತ್ರಿಕೆ ಛಾಪಿಸಿದ ಚಿತ್ರಗಳನ್ನು ನಿಮ್ಮಲ್ಲಿ ಹಿರಿಯರು ಯಾರಾದರೂ ನೋಡಿರಬಹುದು. ಫಿಶರ್ ಸೂಟು ಬೂಟು ಹಾಕಿಕೊಂಡು ದೋಣಿಯಲ್ಲಿ ಕೂತಿದ್ದಾರೆ. ನೀರಿನ ಮೇಲೇ ದೋಣಿಯನ್ನು ಗರಗಸದಿಂದ ಎರಡು ಹೋಳು ಮಾಡಲಾಗುತ್ತದೆ. ಇಂಜಿನ್ ಇರುವ ಹಿಂದಿನ ಹೋಳಿನಲ್ಲಿ ಅವರು ಏನೂ ಆಗದವರಂತೆ ಹೊರಟುಬಿಡುತ್ತಾರೆ. ಜಾಹೀರಾತಿನ ಗಿಮಿಕ್ಕು, ಒಪ್ಪೋಣ. ಆದರೆ ನಡುವೆ ನೊರೆ ಇರುವ ದೋಣಿಗೆ ಮಾತ್ರ ಸಾಧ್ಯವಾದ ಗಿಮಿಕ್ಕು.

ಹಾಗಾದರೆ ಹುಲ್ಲಿನ ಮೇಲಿರುವ ಈ ದೋಣಿ ಅದೇನಾ, ಅಥವಾ ಅದರ ನಕಲೇ? ಇಲ್ಲಿ ಸ್ವಲ್ಪ ಕೆಲಸವಿತ್ತು. ಅಮೆರಿಕದಲ್ಲಿ ಪ್ರತಿ ದೋಣಿಗೂ 12 ಅಕ್ಷರ-ಅಂಕಿಗಳ ಹಲ್ ಐಡೆಂಟಿಫಿಕೇಷನ್ ನಂಬರ್ ಹಾಕಬೇಕೆಂಬ ಕಾನೂನು ಜಾರಿಯಾದದ್ದು 1972ರ ನವೆಂಬರ್ 1ರಿಂದ. ಟ್ರಾನ್ಸಮ್ಮಿನ ಬಲಬದಿಯಲ್ಲಿ, ಮೇಲಂಚಿನ ಹತ್ತಿರ ಅದಿರುತ್ತದೆ. ಮೊದಲ ಮೂರು ಅಕ್ಷರ ತಯಾರಕರದ್ದು. ವೇಲರ್ ಆದರೆ ಬಿ, ಡಬ್ಲ್ಯು, ಸಿ. ಆ ಜಾಗದ ಹಸಿರು ಬಣ್ಣವನ್ನು ಒಡತಿಯ ಅನುಮತಿ ಪಡೆದು ನಿಧಾನವಾಗಿ ಕೆರೆದು ನೋಡಿದೆ. ಅಕ್ಷರವೂ ಇಲ್ಲ, ಅಕ್ಷರ ಅಳಿಸಿದ ಗುರುತೂ ಇಲ್ಲ, ತಗಡು ಹೊಡೆದ ರಿವೆಟ್ ತೂತೂ ಇಲ್ಲ. ಹಾಗಾಗಿ ದೋಣಿ ಆ ಕಾನೂನಿಗಿಂತ ಹಿಂದಿನದು. ಮೂತಿಯ ಪಕ್ಕದಲ್ಲಿ ಚಿತ್ರದಲ್ಲಿ ಮಸುಕಾಗಿ ಕಾಣುವ ‘ಎಂಎಸ್’ನಿಂದ ಶುರುವಾಗುವ ನಂಬರು ಈ ರಾಜ್ಯದ ನೋಂದಣಿಯದು, ನಮ್ಮ ಕೆಎ-20 ಇದ್ದ ಹಾಗೆ. ಅದರಿಂದ ದೋಣಿಯ ವಯಸ್ಸು ತಿಳಿಯದು.

ಆಮೇಲೆ ಸ್ಕ್ರೂ ಡ್ರೈವರಿನ ಹಿಡಿಯಿಂದ ಮೈಯನ್ನು ತಟ್ಟುತ್ತ ಹೋದೆ. ಒಂದೇ ಪದರದ ಫೈಬರ್ ಆದರೆ ಟಣ್ ಎನ್ನುತ್ತದೆ, ಮೈ ನಡುಗುತ್ತದೆ. ಇದು ಬದಿಯಲ್ಲೂ ತಳದಲ್ಲೂ ದಬ್ ದಬ್ ಎಂದಿತು. ಒಂದು ಕಡೆ ಮಾತ್ರ, ಎಡಬದಿಯಲ್ಲಿ ಅಂಗೈ ಅಗಲ, ಟೊಳ್ಳು ಸದ್ದು. ಅಲ್ಲಿ ಚರ್ಮ ನೊರೆಯಿಂದ ಬಿಟ್ಟುಕೊಂಡಿದೆ. ಹಗ್ಗ ಕಟ್ಟುವ ಕೊಂಡಿ ಕಿತ್ತುಹೋದ ಜಾಗದಲ್ಲಿ ಹಳೆಯ ಸ್ಕ್ರೂ ತೂತು ಇತ್ತು. ಅದರೊಳಗೆ ತೆಳ್ಳಗಿನ ತಂತಿ ಹಾಕಿ ಕೆದಕಿ ತೆಗೆದರೆ ಮೊದಲು ಫೈಬರಿನ ಪುಡಿ, ಆಮೇಲೆ ಒದ್ದೆಯಾದ ಕಂದು ಮರದ ಪುಡಿ, ಇನ್ನೂ ಆಳದಲ್ಲಿ ಉಗುರಿಗೆ ಸಿಕ್ಕರೆ ಪುಡಿಯಾಗುವ ಹಳದಿ ನೊರೆ. ನೊರೆಗೆ ಸ್ಕ್ರೂ ಹಿಡಿಯುವುದಿಲ್ಲ. ಅದಕ್ಕೇ ವೇಲರ್ ಕಾರ್ಖಾನೆಯವರು ಎಲ್ಲೆಲ್ಲಿ ಸ್ಕ್ರೂ ಬೀಳಬೇಕೋ ಅಲ್ಲೆಲ್ಲ ಚರ್ಮದ ಹಿಂದೆ ಮರದ ತುಂಡು ಮೊದಲೇ ಕೂರಿಸಿ ಆಮೇಲೆ ನೊರೆ ಸುರಿಯುತ್ತಿದ್ದರು. ಕಣ್ಣಿಗೆ ಕಾಣುವ ಆಕಾರವನ್ನು ನಕಲು ಮಾಡುವವರು ಬಹಳ ಮಂದಿ. ಕಣ್ಣಿಗೆ ಕಾಣದ ಈ ತುಂಡುಗಳನ್ನು, ಅದೇ ಜಾಗದಲ್ಲಿ, ನಕಲು ಮಾಡುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಆದ್ದರಿಂದ ನನ್ನ ತೀರ್ಮಾನ ಇಷ್ಟು: ಇದು ಬಾಸ್ಟನ್ ವೇಲರ್, 13 ಅಡಿಯದು, 1958ರಿಂದ 1972ರ ನಡುವೆ ರಾಕ್‌ಲ್ಯಾಂಡ್‌ನಲ್ಲಿ ತಯಾರಾದದ್ದು, ನೊರೆಯೊಳಗೆ ಒಂದಿಷ್ಟು ನೀರು ಸೇರಿದೆ. ದಯವಿಟ್ಟು ಅಡಿಬರಹವನ್ನು ಹಾಗೆ ತಿದ್ದಿ.

ಈ ತಳ ಒಳ್ಳೆಯದೇ ಎಂದು ಕೇಳಿದರೆ, ಯಾವ ನೀರಿಗೆ ಎಂದು ನಾನು ತಿರುಗಿ ಕೇಳುತ್ತೇನೆ. ಮೂರು ಏಣು ಅಂಚಿನವರೆಗೂ ಹರಡಿರುವುದರಿಂದ ನಿಂತ ನೀರಿನಲ್ಲಿ ಇದು ಅಲುಗುವುದೇ ಇಲ್ಲ. ಇಬ್ಬರು ಒಂದೇ ಬದಿಗೆ ನಿಂತು ಬಲೆ ಎಳೆಯಬಹುದು. ಕೊಲ್ಲಿ, ಕೆರೆ, ಹಿನ್ನೀರಿಗೆ ಹೇಳಿ ಮಾಡಿಸಿದ್ದು. ಗಿಡ್ಡ ಗಿಡ್ಡ ಅಲೆ ಎದ್ದಾಗ ಮಾತ್ರ ಇದೇ ಅಗಲ ಮುಳುವಾಗುತ್ತದೆ. ಕತ್ತರಿಸಿಕೊಂಡು ಹೋಗುವ ಬದಲು ಅಲೆಯ ಮೇಲೆ ಧಡ್ ಧಡ್ ಎಂದು ಬಡಿಯುತ್ತದೆ. ನಮ್ಮ ಗಂಗೊಳ್ಳಿಯ ಅಳಿವೆಯಲ್ಲಿ, ಪಂಚಗಂಗಾವಳಿಯ ನೀರೂ ಸಮುದ್ರದ ಅಲೆಯೂ ಮುಖಾಮುಖಿಯಾಗುವ ಜಾಗದಲ್ಲಿ, ಇದನ್ನು ಓಡಿಸಿದರೆ ಸೊಂಟ ಉಳಿಯುವುದಿಲ್ಲ. ನಮ್ಮ ದೋಣಿಗಳ ಮೂತಿ ಚೂಪಾಗಿ ಎತ್ತರಕ್ಕೆ ಚಾಚಿಕೊಂಡಿರುವುದು ಚಂದಕ್ಕಲ್ಲ.

ಇದರಲ್ಲಿ ತಮಾಷೆಯೆಂದರೆ, ಅಲೆ ಕತ್ತರಿಸುವ ತಳವನ್ನು ಅಮೆರಿಕಕ್ಕೆ ಕೊಟ್ಟವರೂ ಇದೇ ರೇ ಹಂಟ್. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅವರು ಇನ್ನೊಂದು ಕೈಯಲ್ಲಿ ಡೀಪ್ ವಿ ಎಂಬ ತಳ ಎಳೆಯುತ್ತಿದ್ದರು. ತಳದ ಮೈ ಏಣಿನಿಂದ ಸುಮಾರು 24 ಡಿಗ್ರಿ ಕಡಿದಾಗಿ ಮೇಲೇರುತ್ತದೆ, ಅದೂ ಮೂತಿಯಲ್ಲಿ ಮಾತ್ರವಲ್ಲ, ಟ್ರಾನ್ಸಮ್‌ವರೆಗೂ. ಉದ್ದಕ್ಕೂ ಓಡುವ ಪಟ್ಟಿಗಳು ದೋಣಿಯನ್ನು ಎತ್ತುತ್ತವೆ, ನೀರನ್ನು ಹೊರಗೆ ದೂಡುತ್ತವೆ. 1960ರ ಮಯಾಮಿ–ನಸ್ಸಾವ್ ದೋಣಿ ಓಟದ ಸ್ಪರ್ಧೆಯ ದಿನ ಸಮುದ್ರ ಕೆರಳಿತ್ತು. ಡಿಕ್ ಬರ್ಟ್ರಾಮ್ ಆ ತಳದ ‘ಮೊಪ್ಪಿ’ ಎಂಬ ಮರದ ದೋಣಿಯಲ್ಲಿ ಎಂಟು ಗಂಟೆಯಲ್ಲಿ ಗುರಿ ಮುಟ್ಟಿದರು. ಅದರ ಆಕಾರವನ್ನೇ ಫೈಬರಿನಲ್ಲಿ ಎರಕ ಹೊಯ್ದು ಬರ್ಟ್ರಾಮ್ 31 ಬಂತು. ಇವತ್ತು ಮಲ್ಪೆಯಲ್ಲಿ ಕರಾವಳಿ ಕಾವಲು ಪೊಲೀಸರ ಸ್ಪೀಡ್ ಬೋಟ್ ನೋಡಿದವರು ಅದರ ತಳ ಎಷ್ಟು ಕಡಿದಾಗಿದೆ ಎಂದು ಗಮನಿಸಿ. ಮೂರು ಏಣಿನ ದೋಣಿಗಳು 1960, 70ರ ದಶಕಗಳಲ್ಲಿ ಅಮೆರಿಕದ ಕೆರೆಗಳ ತುಂಬ ಓಡಾಡಿ, ಆಮೇಲೆ ಹಿಂದೆ ಸರಿದವು. ಒಬ್ಬನೇ ಮನುಷ್ಯನ ಎರಡು ತಳ. ಒಂದು ಇನ್ನೊಂದನ್ನು ಹಿಂದಿಕ್ಕಿತು.

ನಕಲಿನ ಮಾತು ಎತ್ತಿದೆನಲ್ಲ, ಅದನ್ನು ಇನ್ನಷ್ಟು ಹೇಳಬೇಕು. ಫೈಬರ್ ದೋಣಿಯ ಗುರುತು ಹಿಡಿಯುವುದು ಕಷ್ಟವಾಗುವುದೇ ಅದರಿಂದ. ಮರದ ದೋಣಿಯನ್ನು ನೋಡಿ ಇನ್ನೊಂದು ಕಟ್ಟಬೇಕಾದರೆ ಅಷ್ಟೇ ಕೈಚಳಕ ಬೇಕು. ಫೈಬರ್ ದೋಣಿಯನ್ನು ಬೋರಲು ಹಾಕಿ, ಮೇಣ ಸವರಿ, ಮೇಲೆ ಮ್ಯಾಟ್ ಹಾಸಿ ರೆಸಿನ್ ಹಚ್ಚಿ ಒಣಗಿಸಿ ಎತ್ತಿದರೆ ಅಚ್ಚು ತಯಾರು. ಮತ್ತೆ ಆ ಅಚ್ಚಿನಿಂದ, ಸಂಕ್ರಾಂತಿಯ ಸಕ್ಕರೆ ಅಚ್ಚು ಎಬ್ಬಿಸಿದ ಹಾಗೆ, ಬೇಕಾದಷ್ಟು ದೋಣಿ. ಈ ಕೆಲಸದ ಮೇಲೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದ ಮೊಕದ್ದಮೆಯೇ ಇದೆ. ಫ್ಲಾರಿಡಾ ರಾಜ್ಯ 1983ರಲ್ಲಿ ಇಂಥ ನಕಲನ್ನು ನಿಷೇಧಿಸಿ ಕಾನೂನು ತಂದಿತು. ಬೊನಿಟೊ ಬೋಟ್ಸ್ ಎಂಬ ಕಂಪನಿ ಅದರ ಬಲದ ಮೇಲೆ ಥಂಡರ್ ಕ್ರಾಫ್ಟ್ ಬೋಟ್ಸ್ ಮೇಲೆ ದಾವೆ ಹೂಡಿತು. 1989ರಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಸಾಂಡ್ರಾ ಡೇ ಓ’ಕಾನರ್ ಬರೆದ ತೀರ್ಪಿನಲ್ಲಿ, ಆ ಕಾನೂನನ್ನೇ ರದ್ದು ಮಾಡಿತು. ಪೇಟೆಂಟ್ ಇಲ್ಲದೆ ಎಲ್ಲರ ಕಣ್ಣೆದುರು ಮಾರಾಟಕ್ಕಿಟ್ಟ ಆಕಾರಕ್ಕೆ ರಾಜ್ಯವೊಂದು ಪೇಟೆಂಟಿನಂಥದೇ ರಕ್ಷಣೆ ಕೊಡುವಂತಿಲ್ಲ ಎಂಬುದು ಅದರ ಸಾರ. ಆಮೇಲೆ 1998ರಲ್ಲಿ ಅಮೆರಿಕದ ಸಂಸತ್ತೇ ದೋಣಿಯ ತಳದ ವಿನ್ಯಾಸಕ್ಕೆಂದು ಪ್ರತ್ಯೇಕ ಕಾನೂನು ಮಾಡಿ, ನೋಂದಾಯಿಸಿದವರಿಗೆ 10 ವರ್ಷದ ಹಕ್ಕು ಕೊಟ್ಟಿತು. ನಮ್ಮ ಕಡೆ ಕೋರ್ಟಿಗೆ ಹೋದವರು ಯಾರೂ ಇಲ್ಲ. ಒಂದು ಕಡಪ್ಪುರದಲ್ಲಿ, ಎಂದರೆ ಕಡಲ ದಂಡೆಯಲ್ಲಿ, ಚೆನ್ನಾಗಿ ಓಡಿದ ದೋಣಿಯ ಅಚ್ಚು ಮುಂದಿನ ವರ್ಷ ಇನ್ನೊಂದು ಕಡಪ್ಪುರದಲ್ಲಿ ಇರುತ್ತಿತ್ತು, ಅಷ್ಟೆ.

ಆದರೆ ಅಚ್ಚು ಚಾಡಿ ಹೇಳುತ್ತದೆ. ಕೊಲ್ಲಿಯ ಯಾರ್ಡಿನಲ್ಲಿ ನಮ್ಮದೊಂದು ಅಚ್ಚಿನ ಎಡಬದಿಯಲ್ಲಿ, ತಳ ಮತ್ತು ಬದಿ ಸೇರುವ ಮೂಲೆಯಿಂದ ಎರಡು ಬೆರಳು ಮೇಲೆ, ಹುಣಸೆ ಬೀಜದಷ್ಟು ಒಂದು ತಗ್ಗಿತ್ತು. ಅಚ್ಚಿನಲ್ಲಿ ತಗ್ಗು ಅಂದರೆ ದೋಣಿಯಲ್ಲಿ ಉಬ್ಬು. ಮೇಸ್ತ್ರಿ ಪ್ರತಿ ಸಲ ದೋಣಿ ಎಬ್ಬಿಸಿದ ಮೇಲೆ ಅದನ್ನು ಉಜ್ಜಿ ಹಾಕಲು ಹೇಳುತ್ತಿದ್ದ, ನಾವು ಪ್ರತಿ ಸಲ ಅರ್ಧ ಉಜ್ಜಿ ಬಿಡುತ್ತಿದ್ದೆವು. ವರ್ಷಗಳ ನಂತರ ಬೇರೆಯೇ ದೇಶದ ದಕ್ಕೆಯಲ್ಲಿ, ಬೇರೆಯೇ ಕಂಪನಿಯ ಹೆಸರು ಹೊತ್ತ ದೋಣಿಯ ಎಡಬದಿ ಸವರಿದಾಗ ಅದೇ ಉಬ್ಬು ಕೈಗೆ ಸಿಕ್ಕಿತು. ದೋಣಿಯ ಯಜಮಾನ ಅದು ತನ್ನದೇ ಡಿಸೈನ್ ಎಂದು ಬಹಳ ಹೊತ್ತು ವಿವರಿಸಿದ. ನಾನು ತಲೆಯಾಡಿಸಿದೆ. ಅವನ ಚಹಾ ಕುಡಿಯುತ್ತಿದ್ದವನು ಇನ್ನೇನು ಮಾಡಲಿ?

ಇಷ್ಟು ಉದ್ದ ಬರೆದದ್ದು ಬರೀ ಒಂದು ಅಡಿಬರಹ ತಿದ್ದಲಿಕ್ಕಲ್ಲ. ಅಮೆರಿಕದಲ್ಲಿ ಐವತ್ತು-ಅರವತ್ತು ವರ್ಷ ಹಳೆಯ ದೋಣಿಯೊಂದು ಅನಾಥವಾಗಿ ಹುಲ್ಲಿನ ಮೇಲೆ ಬಿದ್ದಿದ್ದರೂ, ಅದರ ತಳ ನೋಡಿ ಯಾರು ಎಳೆದ ಆಕಾರ, ಯಾವ ಊರಿನ ಕಾರ್ಖಾನೆ, ಯಾವ ಕಾನೂನಿಗಿಂತ ಹಿಂದಿನದು ಎಂದು ಹೇಳಬಹುದು. ಯಾಕೆಂದರೆ ಬರೆದಿಟ್ಟವರಿದ್ದಾರೆ. ನಮ್ಮ ಕರಾವಳಿಯ ಮೊದಮೊದಲ ಫೈಬರ್ ದೋಣಿಗಳ ಬಗ್ಗೆ ಹೀಗೆ ಹೇಳಬಲ್ಲವರು ಯಾರು? ಮರದ ದೋಣಿಗೆ ಒಂದಿಷ್ಟು ಗೌರವ ಸಿಕ್ಕಿದೆ. ದಡದಿಂದ ಹತ್ತಾರು ಜನ ಸೇರಿ ಎಳೆಯುವ ರಂಪಣಿ ಬಲೆಯ ಬಗ್ಗೆ, ಅದು 1970ರ ದಶಕದ ಕೊನೆಗೆ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳೆದುರು ಸೋತದ್ದರ ಬಗ್ಗೆ ಪುಸ್ತಕಗಳೂ ಪ್ರಬಂಧಗಳೂ ಬಂದಿವೆ. ನಾರ್ವೆಯವರ ನೆರವಿನ ಯೋಜನೆ ಕೇರಳದಿಂದ ಕಾರವಾರಕ್ಕೂ ಬಂದದ್ದು ಸರ್ಕಾರಿ ಕಡತಗಳಲ್ಲಿದೆ. ಆದರೆ ಫೈಬರ್ ಎಂದರೆ ಪ್ಲಾಸ್ಟಿಕ್ಕು, ಅದಕ್ಕೇನು ಚರಿತ್ರೆ ಎಂಬ ಭಾವನೆ. ಯಾವ ಊರಿನಲ್ಲಿ ಮೊದಲ ಅಚ್ಚು ಎದ್ದಿತು, ಅದಕ್ಕೆ ಮೂಲವಾದ ದೋಣಿ ಯಾವುದು, ಸೀಮೆಎಣ್ಣೆಯ ಔಟ್‌ಬೋರ್ಡ್ ಇಂಜಿನ್ ಕೂರಿಸಲೆಂದು ಪಾತಿ ದೋಣಿಯ ಹಿಂಭಾಗ ಕತ್ತರಿಸಿ ಟ್ರಾನ್ಸಮ್ ಕೊಟ್ಟವರು ಯಾರು, ಅಳಿವೆಗೆ ತಕ್ಕಂತೆ ಮೂತಿಯನ್ನು ಇನ್ನೆರಡು ಗೇಣು ಎತ್ತರಿಸಿದವರು ಯಾರು, ಇವೆಲ್ಲ ಆ ಕೆಲಸ ಮಾಡಿದವರ ಬಾಯಲ್ಲಿ ಮಾತ್ರ ಇವೆ. ಅವರಿಗೆಲ್ಲ ನನ್ನಷ್ಟೇ ವಯಸ್ಸಾಗಿದೆ. ರೆಸಿನ್ನಿನಿಂದ ಏಳುವ ಸ್ಟೈರೀನ್ ಹೊಗೆ ಕುಡಿದ ಎದೆಗಳು ಬಹುಕಾಲ ಬಾಳುವಂಥವಲ್ಲ.

ಫೈಬರ್ ಕೊಳೆಯುವುದಿಲ್ಲ ನಿಜ, ಆದರೆ ಉಳಿಯುವುದೂ ಇಲ್ಲ. ಒಮ್ಮೆ ಗಟ್ಟಿಯಾದ ರೆಸಿನ್ ಮತ್ತೆ ಕರಗದು, ಹಾಗಾಗಿ ಗುಜರಿಯವನು ಮುಟ್ಟುವುದಿಲ್ಲ. ಮೋಟಾರು, ಕಬ್ಬಿಣ ಬಿಚ್ಚಿಕೊಂಡು ಮೈಯನ್ನು ಗ್ರೈಂಡರಿನಿಂದ ತುಂಡು ಮಾಡಿ ಗುಂಡಿಗೋ ನದಿ ದಂಡೆಯ ಮಣ್ಣು ಕುಸಿಯದಿರಲೆಂದೋ ಹಾಕುತ್ತಾರೆ. ಅಚ್ಚುಗಳ ಗತಿ ಇನ್ನೂ ಕಡೆ. ಊರಿಗೆ ಹೋದಾಗ ನಮ್ಮ ಹಳೆಯ ಅಚ್ಚೊಂದರ ಅರ್ಧ ಭಾಗ ತೆಂಗಿನ ತೋಟದಲ್ಲಿ ಗೊಬ್ಬರ ತುಂಬುವ ತೊಟ್ಟಿಯಾಗಿತ್ತು. ಅದಕ್ಕಿಂತ ಉತ್ತಮ ಉಪಯೋಗ ನನಗೂ ಹೊಳೆಯಲಿಲ್ಲ ಬಿಡಿ.

ನಿಮ್ಮ ಪತ್ರಿಕೆಗೆ ಕಾರವಾರದಿಂದ ಮಂಗಳೂರಿನವರೆಗೆ ವರದಿಗಾರರಿದ್ದಾರೆ. ಪುರವಣಿಯಲ್ಲಿ ತಿಂಗಳಿಗೊಮ್ಮೆ ಒಂದು ಮೂಲೆ ಬಿಟ್ಟುಕೊಟ್ಟು, ಹಳೆಯ ಫೈಬರ್ ದೋಣಿಗಳ ಚಿತ್ರ ಮತ್ತು ವಿವರ ಕಳಿಸಿ ಎಂದು ಓದುಗರನ್ನು ಕೇಳಿ ಎಂಬುದು ನನ್ನ ಕೋರಿಕೆ. ಬಂದ ಚಿತ್ರಗಳನ್ನು ನನಗೆ ಕಳಿಸಿದರೆ ಗೊತ್ತಾದಷ್ಟನ್ನು ಬರೆದು ತಿಳಿಸುತ್ತೇನೆ. ಚಿತ್ರ ತೆಗೆಯುವವರಿಗೆ ಒಂದೆರಡು ಮಾತು: ಬಣ್ಣ ಬಣ್ಣದ ಮೂತಿಯ ಚಿತ್ರ ಬೇಡ, ಅದನ್ನು ಎಲ್ಲರೂ ತೆಗೆಯುತ್ತಾರೆ. ದೋಣಿಯ ಹಿಂದೆ ನೆಲಕ್ಕೆ ಕೂತು, ಕ್ಯಾಮೆರಾ ತಳದ ಮಟ್ಟಕ್ಕೆ ಹಿಡಿದು, ಏಣು ನಡುವೆ ಬರುವಂತೆ ನೇರವಾಗಿ ತೆಗೆಯಿರಿ. ಪಕ್ಕದಲ್ಲಿ ಅಳತೆಗೆ ಟೇಪು ಬಿಚ್ಚಿಡಿ. ಉದ್ದ, ನಡುವಿನ ಅಗಲ, ಟ್ರಾನ್ಸಮ್ಮಿನ ಅಗಲ, ಎಷ್ಟು ಅಶ್ವಶಕ್ತಿಯ ಇಂಜಿನ್ ಇತ್ತು ಎಂಬುದನ್ನು ಬರೆಯಿರಿ. ಅಚ್ಚು ಎಲ್ಲಿಯದು, ಮೋಲ್ಡಿಂಗ್ ಮಾಡಿದವರು ಯಾರು ಎಂದು ದೋಣಿಯ ಹಿರಿಯರನ್ನು ಕೇಳಿ. ಕೈಯಿಂದ ಮೈ ಸವರಿ, ಎಲ್ಲಾದರೂ ಉಬ್ಬು, ತಗ್ಗು ಸಿಕ್ಕರೆ ಅದರ ಚಿತ್ರವೂ ಇರಲಿ.

ಈ ಕೆಲಸ ಜೂನ್, ಜುಲೈನಲ್ಲಿ, ಮೀನುಗಾರಿಕೆ ನಿಷೇಧದ ಹೊತ್ತಿನಲ್ಲಿ ಆದರೆ ಸಲೀಸು. ದೋಣಿಗಳನ್ನು ಮೇಲೆಳೆದು ಬೋರಲು ಹಾಕಿರುತ್ತಾರೆ, ಹಿರಿಯರೂ ಬಲೆ ಹೆಣೆಯುತ್ತ ಮಾತಿಗೆ ಸಿಗುತ್ತಾರೆ. ಆಗಸ್ಟ್ ಬಂದರೆ ತಳ ಮತ್ತೆ ನೀರಿನೊಳಗೆ.

ಇಂತಿ,
ಗಂಗೊಳ್ಳಿಯ ಒಬ್ಬ ಮೋಲ್ಡಿಂಗ್ ಕೆಲಸಗಾರ
ವೇಮೌತ್, ಮ್ಯಾಸಚೂಸೆಟ್ಸ್